ಸಂಕ್ರಾಂತಿಗೆ ಬೆಂದ ಡೇರೆ ಗೆಡ್ಡೆ

ಆಗ ನನಗೆ ನಲವತ್ತೊಂದು. ಅದಾಗಿ ಇಪ್ಪತ್ತೆಂಟು ವರ್ಷವಾಯಿತು. ಆ ವರ್ಷದ ಸಂಕ್ರಾಂತಿಗೆ ಹಾಸನದ ನಮ್ಮ ಯಜಮಾನರ ಮನೆಯವರೆಲ್ಲ ಸಾಲಾಗಿ ಕೂತು ಡೇರೆ ಹೂವಿನ ಗೆಡ್ಡೆ ತಿಂದರು. ಗೆಣಸು ಅಂದುಕೊಂಡು ಬೇಯಿಸಿ, ಬೆಲ್ಲ ನಂಚಿಕೊಂಡು ತಿಂದರು. ಯಾರೂ ಸಾಯಲಿಲ್ಲ. ಸಾಯುವ ಹಾಗಾದದ್ದು ಆ ಮನೆಯ ಒಂದು ಹೂವು.

ಮನೆ ತೋಟದ ಕೆಲಸಕ್ಕೆ, ನರ್ಸರಿ ಕೆಲಸಕ್ಕೆ ಹೊಸದಾಗಿ ಸೇರಿದ ಹೆಣ್ಣುಮಕ್ಕಳು ನನ್ನ ಹತ್ತಿರ ಬಂದು, ‘ಅಜ್ಜಿ, ನಿಂಗೊತ್ತಿರೋದ್ನ ಬರ್ದುಕೊಡು’ ಅಂತಾರೆ. ನಾನು ಓದಿದ್ದು ಮೂರನೇ ಕ್ಲಾಸು. ಬರೆಯುವುದಕ್ಕಿಂತ ಅಗೆಯುವುದು ಸುಲಭ. ಆದರೂ ಡೇರೆ ಹೂವಿನ ವಿಷಯ ಬರೆಯುತ್ತೇನೆ. ಗುಲಾಬಿ, ಸೇವಂತಿಗೆ ಎಲ್ಲರೂ ಕಲಿಸುತ್ತಾರೆ. ಡೇರೆಯಲ್ಲಿ ಜನ ಮಾಡುವ ತಪ್ಪು ಒಂದೇ. ಆ ತಪ್ಪಿನ ಸುತ್ತಲೇ ಈ ಕಥೆ.

ನಾನು ಕೊರವಂಗಲದ ಕಡೆಯವಳು. ಹೆಸರು ಸಣ್ಣಮ್ಮ. ತೋಟದ ಕೆಲಸಕ್ಕೆ ಬರುವ ಮುಂಚೆ ಆಲೂಗಡ್ಡೆ ಹೊಲದಲ್ಲಿ ಕೂಲಿ. ಮಳೆಗೆ ಮುಂಚೆ ಬಿತ್ತನೆ ಗೆಡ್ಡೆಯನ್ನು ಕಣ್ಣು ನೋಡಿ ಕುಯ್ಯುವುದು ನನ್ನ ಕೆಲಸ. ಕುಡುಗೋಲು ಹಿಡಿದರೆ ಬುಟ್ಟಿ ಬುಟ್ಟಿ ಕುಯ್ದು ಹಾಕುತ್ತಿದ್ದೆ. ಹಾಸನದ ಯಜಮಾನರ ಮನೆಗೆ ಸೇರಿದಾಗ ಅಲ್ಲಿ ಮರಿಯಪ್ಪ ಅಂತ ಮುದುಕ ಮಾಲಿ ಇದ್ದ. ಬಾಯಿ ಕೆಟ್ಟದ್ದು, ಕೈ ಒಳ್ಳೆಯದು. ಮೊದಲ ದಿನ ಒಂದು ಕುಕ್ಕೆ ಡೇರೆ ಗೆಡ್ಡೆ ಮುಂದಿಟ್ಟು, ‘ಬುಡ್ಸು’ ಅಂದ. ನಾನು ಕುಡುಗೋಲು ಎತ್ತಿದೆ.

‘ಏಯ್, ನಿಲ್ಸಮ್ಮೀ! ಆಲೂಗಡ್ಡೆ ಅನ್ಕಂಡಿದ್ದೀಯಾ?’

‘ಗೆಡ್ಡೆ ಅಲ್ವಾ ಇದೂವೆ?’

‘ಗೆಡ್ಡೆಯೇ. ಕಣ್ಣೆಲ್ಲೈತೆ ತೋರ್ಸು.’

ನಾನು ತಿರುಗಿಸಿ ತಿರುಗಿಸಿ ನೋಡಿದೆ. ಗೆಡ್ಡೆಯ ಮೈಮೇಲೆ ಎಲ್ಲೂ ಕಣ್ಣಿಲ್ಲ. ಆಲೂಗಡ್ಡೆಗೆ ಮೈಯೆಲ್ಲ ಕಣ್ಣು. ಡೇರೆಗೆ ಮೈಯಲ್ಲಿ ಒಂದೂ ಇಲ್ಲ. ಹೋದ ವರ್ಷದ ಕಾಂಡದ ಮೋಟು ಇರುತ್ತದಲ್ಲ, ಅದರ ಬುಡಕ್ಕೆ ಗೆಡ್ಡೆಗಳು ಹಸುವಿನ ಕೆಚ್ಚಲಿಗೆ ಮೊಲೆ ಜೋತುಬಿದ್ದ ಹಾಗೆ ಜೋತುಬಿದ್ದಿರುತ್ತವೆ. ಮೋಟೂ ಗೆಡ್ಡೆಯ ಕತ್ತೂ ಸೇರುವ ಕಡೆ, ಸಾಸಿವೆಯಷ್ಟು ಉಬ್ಬು. ಅದೇ ಕಣ್ಣು. ಕುಯ್ದರೆ ಮೋಟಿನ ಒಂದು ಚೂರು ಗೆಡ್ಡೆಯ ಜೊತೆಗೇ ಬರಬೇಕು. ಕತ್ತು ಮುರಿದ ಗೆಡ್ಡೆ ಎಷ್ಟೇ ದಪ್ಪ ಇರಲಿ, ಅದು ಕುರುಡು. ನೆಟ್ಟರೆ ಮಣ್ಣಿನಲ್ಲಿ ಹಾಗೇ ಮಲಗಿರುತ್ತದೆ, ಆಮೇಲೆ ಕೊಳೆಯುತ್ತದೆ.

‘ತಿನ್ನೋರ್ಗೆ ಗೆಡ್ಡೆ ಮುಖ್ಯ, ನೆಡೋರ್ಗೆ ಮೋಟು ಮುಖ್ಯ,’ ಅಂತ ಮರಿಯಪ್ಪ ಹೇಳುತ್ತಿದ್ದ. ಡೇರೆ ಗೆಡ್ಡೆಯನ್ನು ಯಾರು ತಿನ್ನುತ್ತಾರೆ ಅಂತ ಆಗ ನಕ್ಕಿದ್ದೆ.

ಆ ಮನೆಯ ಯಜಮಾನಿ ಜಯಮ್ಮ. ನಾವು ಅಮ್ಮಾವ್ರು ಅನ್ನುತ್ತಿದ್ದೆವು. ಜಮೀನುದಾರರ ಮನೆ ಹೆಣ್ಣುಮಗಳು, ಅರಕಲಗೂಡು ತವರು. ಹಾಸನದ ಆ ಮನೆಯ ಮುಂದೆ ನಾಲ್ಕು ಪಾತಿ ಡೇರೆ ಇತ್ತು. ಕುಂಕುಮದ ಕೆಂಪು, ಅರಿಶಿನ ಬಣ್ಣ, ತಿಳಿ ಗುಲಾಬಿ. ನಾಲ್ಕನೆಯ ಪಾತಿ ಒಂದೇ ಜಾತಿಯದು. ಹಣ್ಣಾದ ನೇರಳೆಯ ಬಣ್ಣ, ಪ್ರತಿ ಎಸಳಿನ ತುದಿ ಮಾತ್ರ ಹಾಲಿನಲ್ಲಿ ಅದ್ದಿದಂತೆ ಬಿಳಿ. ಅದನ್ನು ಮನೆಯವರು ‘ಅರಕಲಗೂಡು ಹೂ’ ಅನ್ನುತ್ತಿದ್ದರು. ನರ್ಸರಿಯಲ್ಲಿ ಸಿಗುವುದಲ್ಲ. ಬೀಜ ಹಾಕಿದರೆ ಬೇರೆ ಯಾವುದೋ ಬಣ್ಣ ಬರುತ್ತದೆ. ಗೆಡ್ಡೆಯಿಂದಲೇ ಬರಬೇಕು, ಇಲ್ಲವೇ ಕುಡಿಯಿಂದ.

ಅದು ಬಂದ ದಾರಿ ಹೀಗೆ. ಆ ತವರಿನಲ್ಲಿ ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸುವಾಗ ಮಡಿಲಕ್ಕಿಯ ಜೊತೆ ಒಂದು ಡೇರೆ ಗೆಡ್ಡೆಯನ್ನೂ ಇಡುವ ಪದ್ಧತಿ. ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ, ಅದರ ಮಧ್ಯೆ ಕಣ್ಣಿರುವ ಒಂದು ಗೆಡ್ಡೆ. ಬೇರೆಯವರ ಮನೆಯಲ್ಲಿ ನಾನು ಕಂಡಿಲ್ಲ. ಜಯಮ್ಮನವರ ತಾಯಿಗೆ ಅವರ ತಾಯಿ ಕೊಟ್ಟದ್ದು, ಜಯಮ್ಮನವರಿಗೆ ಅವರ ತಾಯಿ ಕೊಟ್ಟದ್ದು. ಹೊರಗಿನವರಿಗೆ ಕೊಡುವುದಿಲ್ಲ. ಕೇಳಿದವರಿಗೆ ಕೆಂಪು ಕೊಟ್ಟು ಕಳಿಸುತ್ತಿದ್ದರು.

ಆ ವರ್ಷ ಜಯಮ್ಮನವರ ಮಗಳು ವಿಮಲಳಿಗೆ ಮದುವೆ ಗೊತ್ತಾಗಿತ್ತು. ಗಂಡು ಚನ್ನರಾಯಪಟ್ಟಣದ ಆಚೆ ನುಗ್ಗೇಹಳ್ಳಿ, ತೆಂಗಿನ ತೋಟದವರು. ವೈಶಾಖದಲ್ಲಿ ಲಗ್ನ. ನಾನು ಗೆಡ್ಡೆ ಕೀಳುವಾಗಲೇ ವಿಮಲಳಿಗೆ ಯಾವುದು ಅಂತ ಮನಸ್ಸಿನಲ್ಲಿ ಆರಿಸಿಕೊಂಡಿದ್ದೆ.

ಹಬ್ಬದ ಹಿಂದಿನ ದಿನ ನಾಲ್ಕೂ ಪಾತಿ ಕಿತ್ತು, ಮಣ್ಣು ತೊಳೆದು, ಹಿತ್ತಿಲ ಜಗಲಿಯ ನೆರಳಿನಲ್ಲಿ ಮಕ್ಕರಿ ಬುಟ್ಟಿಗೆ ಹಾಕಿ ಆರಲು ಬಿಟ್ಟೆ. ಆರಿದ ಮೇಲೆ ಬೂದಿ ಹಚ್ಚಿ ಮರಳಿನಲ್ಲಿ ಹೂಳಬೇಕು. ಹಬ್ಬದ ದಿನ ನನಗೆ ರಜ. ಮಾರನೆಯ ದಿನ ಬಂದು ನೋಡಿದರೆ ಮಕ್ಕರಿ ಖಾಲಿ. ಜಯಮ್ಮನವರ ಅತ್ತೆ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ಅವರನ್ನು ದೊಡ್ಡಮ್ಮಾವ್ರು ಅನ್ನುತ್ತಿದ್ದೆವು. ಕಣ್ಣಿಗೆ ಪೊರೆ ಬಂದಿತ್ತು.

‘ಗೆಡ್ಡೆ ಎಲ್ಲಿ ದೊಡ್ಡಮ್ಮಾರೇ?’

‘ಯಾವ್ ಗೆಡ್ಡೆ? ಗೆಣ್ಸಾ? ತಿಂದ್ವಲ್ಲ. ನಿಂಗೂ ಎರಡು ಎತ್ತಿಟ್ಟೀನಿ, ತಗಾ.’ ಬಾಳೆ ಎಲೆಯ ಚೂರಿನಲ್ಲಿ ಬೆಂದ ಎರಡು ಡೇರೆ ಗೆಡ್ಡೆ ನನ್ನ ಕೈಗೆ ಇಟ್ಟರು. ‘ಸಪ್ಪೆ ಕಣೆ ಈ ಸಲ. ಬರೀ ನಾರು. ಯಾವ ಸಂತೇಲಿ ತಂದೆ?’

ಒಳಗಿನಿಂದ ಯಜಮಾನರು ಕೂಗಿದರು. ‘ಅದೇನ್ ಗೆಣ್ಸವ್ವಾ ಅದು! ರಾತ್ರಿಯೆಲ್ಲ ಒಟ್ಟೇಲಿ ಗುಡುಗು.’

ನಗು ಬಂದದ್ದು ನಿಜ. ಅಷ್ಟರಲ್ಲಿ ಜಯಮ್ಮನವರು ಬಾಗಿಲಿಗೆ ಬಂದರು. ಖಾಲಿ ಮಕ್ಕರಿ ನೋಡಿದರು, ನನ್ನ ಕೈಯಲ್ಲಿದ್ದ ಎಲೆ ನೋಡಿದರು. ಹಬ್ಬದ ಗಡಿಬಿಡಿಯಲ್ಲಿ ಅವರೂ ಒಂದು ತಿಂದಿದ್ದರು.

‘ನಮ್ಮವ್ವನ್ದೂ ಇತ್ತಾ ಅದ್ರಲ್ಲಿ?’

‘ಇತ್ತು ಅಮ್ಮಾವ್ರೇ. ಎಲ್ಲಾ ಇತ್ತು.’

ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ದೊಡ್ಡಮ್ಮಾವ್ರಿಗೆ ಆಮೇಲೆ ಗೊತ್ತಾಯಿತು. ‘ನಾನೇನ್ ಕಂಡೆ? ಮುಂಡೇವು ಗೆಣ್ಸಿನಂಗೇ ಅವೆ. ಹಬ್ಬದ್ ಹಿಂದಿನ್ ದಿನ ಮಕ್ಕರೀಲಿ ತೊಳ್ದಿಟ್ರೆ ಯಾರಾದ್ರೂ ಏನನ್ಕತಾರೆ?’ ಅವರು ಹೇಳಿದ್ದೂ ಸರಿಯೇ. ಹುಡುಗಿಯರೇ, ತೊಳೆದ ಗೆಡ್ಡೆಯನ್ನು ಅಡುಗೆಮನೆಯ ಕಡೆ ಇಡಬೇಡಿ.

ತವರಿನಲ್ಲಿ ಆ ಹೂ ಇದ್ದೇ ಇತ್ತು. ಒಂದು ಗೆಡ್ಡೆ ಕೇಳಿದರೆ ಮುಗಿಯುತ್ತಿತ್ತು. ಆದರೆ ಕೇಳುವ ಹಾಗಿರಲಿಲ್ಲ. ಹಿಂದಿನ ವರ್ಷ ತಾಯಿ ತೀರಿಕೊಂಡಾಗ ಅವರ ಕಿವಿಯ ಓಲೆ ಯಾರಿಗೆ ಅಂತ ಜಯಮ್ಮನವರಿಗೂ ಅಣ್ಣನ ಹೆಂಡತಿ ಪಾರ್ವತಮ್ಮನಿಗೂ ಮಾತು ಬಂದು, ತಿಥಿಯ ಮನೆಯಲ್ಲೇ ಮುಖ ತಿರುಗಿಸಿಕೊಂಡಿದ್ದರು. ಅಂದಿನಿಂದ ಮಾತಿಲ್ಲ.

ಎರಡು ದಿನ ಬಿಟ್ಟು ಜಯಮ್ಮನವರು ನನ್ನನ್ನು ಕರೆದರು. ‘ಸಣ್ಣಮ್ಮ, ನೀನೇ ಅರಕಲಗೂಡ್ಗೆ ಓಗ್ ಬಾ. ನಿಂಗೆ ಬೇಕು ಅಂತ ಕೇಳು. ನಾನ್ ಕಳಿಸ್ದೆ ಅನ್ಬೇಡ.’

‘ನಂಬ್ತಾರಾ ಅಮ್ಮಾವ್ರೇ?’

‘ನಂಬ್ದೆ ಓದ್ರೆ ಓಗ್ಲಿ.’

ಹೋದೆ. ಪಾರ್ವತಮ್ಮ ಅಂಗಳದಲ್ಲಿ ರಾಗಿ ಹರವುತ್ತಿದ್ದರು. ನನ್ನ ಮಾತು ಮುಗಿಯುವ ಮುಂಚೆಯೇ ಸೊಂಟಕ್ಕೆ ಕೈ ಕೊಟ್ಟು ನಿಂತರು.

‘ನಿಂಗ್ಯಾಕಮ್ಮಾ ಬಿಳಿ ತುದಿ ಡೇರೆ? ನಿನ್ ಗುಡ್ಸಲ್ ಮುಂದೆ ಪಾರ್ಕ್ ಮಾಡ್ತೀಯಾ?’

‘ಒಂದ್ ಗಿಡ ಇರ್ಲಿ ಅಂತ.’

‘ಊಂ. ಅವ್ಳ ಮಗ್ಳ ಮದ್ವೆ ವೈಸಾಕ್ದಲ್ಲಿ. ನಿನ್ ಗಿಡಾನೂ ವೈಸಾಕಕ್ಕೇ ಬೇಕಾ?’

ನಾನು ನೆಲ ನೋಡಿದೆ. ಸುಳ್ಳು ಹೇಳುವುದಕ್ಕೆ ನನಗೆ ಬರುವುದಿಲ್ಲ. ಬಂದಿದ್ದರೆ ತೋಟದ ಕೆಲಸದಲ್ಲಿ ಇರುತ್ತಿರಲಿಲ್ಲ. ಪಾರ್ವತಮ್ಮ ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬರುವುದೇ ಇಲ್ಲ ಅಂದುಕೊಂಡೆ. ಆಮೇಲೆ ಒಂದು ಗೆಡ್ಡೆ ತಂದು ನನ್ನ ಸೆರಗಿಗೆ ಹಾಕಿದರು. ದಪ್ಪದ್ದು, ಮಣ್ಣು ಒರೆಸಿದ್ದು. ‘ತಗಂಡೋಗು. ದೊಡ್ಡದ್ನೇ ಆರ್ಸಿ ಕೊಟ್ಟಿದ್ದೀನಿ ಅಂತ ಯೋಳು. ಯಾರಿಗ್ ಯೋಳ್ಬೇಕೋ ಅವ್ರಿಗೆ ಯೋಳು.’

ಬಸ್ಸಿನಲ್ಲಿ ಕೂತ ಮೇಲೆ ಸೆರಗು ಬಿಚ್ಚಿ ನೋಡಿದೆ. ಗೆಡ್ಡೆಯ ಕತ್ತು ಮುರಿದಿತ್ತು. ಮೋಟಿನ ಚೂರಿಲ್ಲ. ಕಣ್ಣಿಲ್ಲ. ಕುರುಡು.

ಹೇಳಬೇಕೋ ಬೇಡವೋ ಅಂತ ದಾರಿಯುದ್ದಕ್ಕೂ ಯೋಚನೆ. ಹೇಳಿದರೆ ಅಣ್ಣ ತಂಗಿಯ ಮಧ್ಯೆ ಉಳಿದಿದ್ದ ಎಳೆಯೂ ಕಡಿಯುತ್ತದೆ. ಹೇಳದಿದ್ದರೆ ಮಗಳ ಮಡಿಲಿಗೆ ತಾಯಿ ಕುರುಡು ಗೆಡ್ಡೆ ಇಡುತ್ತಾಳೆ. ಅದು ಗಂಡನ ಮನೆಯ ಮಣ್ಣಿನಲ್ಲಿ ಕೊಳೆಯುತ್ತದೆ. ಮೊದಲ ವರ್ಷದ ಸೊಸೆ ನೆಟ್ಟದ್ದು ಕೊಳೆತರೆ ಜನ ಏನೇನು ಅನ್ನುತ್ತಾರೆ ಅಂತ ನನಗೆ ಗೊತ್ತು. ಹೇಳಿಬಿಟ್ಟೆ.

‘ಇದಕ್ಕೆ ಕಣ್ಣಿಲ್ಲ ಅಮ್ಮಾವ್ರೇ. ಹುಟ್ಟಲ್ಲ.’

ಜಯಮ್ಮನವರ ಮುಖ ಕಪ್ಪಾಯಿತು. ‘ಬೇಕೂಂತ್ಲೇ ಕೊಟ್ಟವ್ಳೆ. ನನ್ ಮಗ್ಳ ಮಡ್ಲಿಗೆ ಬೇಕೂಂತ್ಲೇ ಕುರುಡು ಕೊಟ್ಟವ್ಳೆ.’

ಅವರು ಗೆಡ್ಡೆಯನ್ನು ಹಿತ್ತಿಲಿಗೆ ಎಸೆದರು. ಅದು ಹೋಗಿ ಬಿದ್ದದ್ದು ತಿಪ್ಪೆಯ ಪಕ್ಕ. ಅದನ್ನು ನೋಡುತ್ತ ನಿಂತಾಗ ನನಗೆ ಹೊಳೆಯಿತು. ಇಲ್ಲಿ ಮೈ ಇದೆ, ಕಣ್ಣಿಲ್ಲ. ನಮ್ಮ ಗೆಡ್ಡೆಯ ಮೈ ತಿಂದಾಯಿತು. ಕಣ್ಣೆಲ್ಲಿ?

‘ದೊಡ್ಡಮ್ಮಾರೇ, ಗೆಣ್ಸು ಬೇಯ್ಸೋವಾಗ ಬುಡ್ದ ಮೋಟು ಏನ್ ಮಾಡುದ್ರಿ?’

‘ಮುರ್ದು ತಿಪ್ಪೆಗೆ ಎಸ್ದೆ. ಇನ್ನೇನ್ ನಿನ್ ತಲೆ ಮೇಲ್ ಎಸೀಲಾ?’

ಗುದ್ದಲಿ ಬೇಡ, ಕೈಯಲ್ಲೇ ಕೆದಕಿದೆ. ತಿಪ್ಪೆಯ ನಡುವೆ ಬಿದ್ದವು ಸಗಣಿಯ ಕಾವಿಗೆ ಬೆಂದು ಕರಗಿದ್ದವು. ಅಂಚಿಗೆ ಬಿದ್ದ ಮೂರು ಮೋಟು ಗಟ್ಟಿಯಾಗಿದ್ದವು. ಗೆಡ್ಡೆಯ ತುಣುಕು ಅಂಟಿಕೊಂಡೇ ಇತ್ತು. ಒಂದರಲ್ಲಿ ಕಣ್ಣು ಆಗಲೇ ಕೆಂಪಗೆ ಉಬ್ಬಿತ್ತು. ದೊಡ್ಡಮ್ಮಾವ್ರು ಪಕ್ಕದಲ್ಲಿ ಬಂದು ನಿಂತು, ‘ನೋಡುದ್ಯಾ, ನಾನು ಉಳ್ಸಿದ್ದೆ’ ಅಂದರು.

ಜೀವ ಇರುವುದು ಗೊತ್ತಾಯಿತು, ಬಣ್ಣ ಗೊತ್ತಾಗಲಿಲ್ಲ. ನಾಲ್ಕು ಪಾತಿಯದೂ ಒಂದೇ ಮಕ್ಕರಿಯಲ್ಲಿತ್ತು. ಮೋಟಿನ ಮೇಲೆ ಹೆಸರು ಬರೆದಿರುವುದಿಲ್ಲ. ಹೂ ಬಿಡುವ ತನಕ ದೇವರಿಗೂ ಗೊತ್ತಾಗುವುದಿಲ್ಲ.

ಮೋಟಿನಿಂದ ಗಿಡ ಮಾಡುವ ಕ್ರಮ ಹೇಳುತ್ತೇನೆ. ಒದ್ದೆ ಮರಳಿನಲ್ಲಿ ಕಣ್ಣು ಮೇಲೆ ಬರುವ ಹಾಗೆ ಕೂರಿಸಿ. ಬಿಸಿಲು ಬೇಡ, ಬೆಳಕು ಬೇಕು. ಕುಡಿ ಬೆರಳುದ್ದ ಬಂದಾಗ ಗೆಣ್ಣಿನ ಕೆಳಗೆ ಕುಯ್ದು ಬೇರೆ ಮರಳಿಗೆ ಚುಚ್ಚಿ. ಟೊಳ್ಳು ಕುಡಿ ಬೇಡ, ಗಟ್ಟಿ ಕುಡಿ ಬೇಕು. ನೀರು ಕಡಿಮೆ. ಡೇರೆ ಸಾಯುವುದು ಬಾಯಾರಿಕೆಯಿಂದಲ್ಲ, ಪ್ರೀತಿ ಹೆಚ್ಚಾಗಿ. ದಿನಾ ನೀರು ಹುಯ್ದು ಕೊಳೆಸುವವರೇ ಜಾಸ್ತಿ. ಈಗ ಇದಕ್ಕೆಲ್ಲ ತೆಂಗಿನ ನಾರಿನ ಪುಡಿ, ಪ್ಲಾಸ್ಟಿಕ್ ತಟ್ಟೆ, ಬೇರು ಬರಿಸುವ ಪುಡಿ ಬಂದಿದೆ. ಒಳ್ಳೆಯದೇ, ಬೇಗ ಬೇರು ಬರುತ್ತದೆ. ನಾನೂ ಆಮೇಲೆ ಅದನ್ನೇ ಮಾಡಿದೆ. ಆದರೆ ಫೋನಿನಲ್ಲಿ ಗೆಡ್ಡೆ ತರಿಸುತ್ತೀರಲ್ಲ, ಪೊಟ್ಟಣ ಬಿಚ್ಚಿದ ಕೂಡಲೇ ಕತ್ತು ನೋಡಿ. ನನ್ನ ಮುಂದೆ ಬಿಚ್ಚಿದವುಗಳಲ್ಲಿ ಅರ್ಧ ಕುರುಡು.

ಮರಳಿನಲ್ಲಿ ಬೇರು ಬರುವುದನ್ನು ಕಾಯುತ್ತ ಆ ಬೇಸಿಗೆಯಲ್ಲೂ ಎಂದಿನ ಹಾಗೆ ಹೊಳೆನರಸೀಪುರದ ಒಂದು ಮನೆಗೂ ವಾರಕ್ಕೊಮ್ಮೆ ಹೋಗುತ್ತಿದ್ದೆ. ಯಜಮಾನಿಯ ನೆಂಟರೇ. ಆ ಮನೆಯ ಸಾಹೇಬರಿಗೆ ಹೂವಿನ ಪ್ರದರ್ಶನದ ಹುಚ್ಚು. ಹಿಂದಿನ ಮಳೆಗಾಲದಲ್ಲಿ ಒಂದು ಡೇರೆ ಗಿಡದ ಮೊಗ್ಗನ್ನೆಲ್ಲ ಚಿವುಟಿ ಒಂದೇ ಒಂದನ್ನು ಬಿಟ್ಟಿದ್ದರು; ಅದು ತಟ್ಟೆಯಷ್ಟಾದಾಗ ಮಳೆ ಹಿಡಿಯಿತು. ಮನೆಯಲ್ಲಿದ್ದದ್ದು ಒಂದೇ ಕೊಡೆ. ಅದನ್ನು ಗೂಟಕ್ಕೆ ಕಟ್ಟಿ ಹೂವಿನ ಮೇಲೆ ನಿಲ್ಲಿಸಿದರು. ತಾವು ನೆನೆಯುತ್ತ ಕಚೇರಿಗೆ ಹೋದರು. ಗಾಳಿ ಬಂದು ಕೊಡೆ ತಿರುಗಿ, ಅದರ ಕಡ್ಡಿಯೇ ಹೂವಿನ ಕತ್ತು ಮುರಿಯಿತು. ಸಂಜೆ ಬಂದ ಸಾಹೇಬರು, ‘ಸಣ್ಣಮ್ಮ, ಮಳೆ ಹೊಡ್ದಿದ್ರೂ ಇಷ್ಟ್ ಹಾಳಾಗ್ತಿರ್ಲಿಲ್ಲ’ ಅಂದರು. ಹೌದು ಸಾ ಅಂದೆ. ಇನ್ನೇನು ಅನ್ನಲಿ? ಗಿಡಕ್ಕೆ ಗೂಟ ಕೊಡಿ, ಕೊಡೆ ಬೇಡ.

ಮೂರು ಮೋಟಿನಲ್ಲಿ ಒಂದರ ಕುಡಿ ಹಸಿರು ಕಾಂಡದ್ದು. ಅದು ಅರಿಶಿನ ಬಣ್ಣದ್ದು ಅಂತ ಬಿಟ್ಟೆ. ಇನ್ನೆರಡರ ಕಾಂಡ ಕೆಂಪು. ಕೆಂಪು ಹೂವಿನ ಗಿಡಕ್ಕೂ ಕಾಂಡ ಕೆಂಪು, ಅರಕಲಗೂಡು ಹೂವಿಗೂ ಕೆಂಪು. ಒಂದೊಂದು ಮೋಟಿನಿಂದ ಒಂದೊಂದೇ ಕುಡಿ ಬದುಕಿತು. ಎರಡು ಗಿಡವನ್ನೂ ಎರಡು ತೆಂಗಿನ ಚಿಪ್ಪಿಗೆ ಹಾಕಿದೆ. ಮೋಟುಗಳು ಆಮೇಲೆ ಕೊಳೆತವು.

‘ಯಾವ್ದು ನಮ್ದು?’ ಅಂತ ಜಯಮ್ಮನವರು ಕೇಳಿದರು.

‘ಗೊತ್ತಿಲ್ಲ ಅಮ್ಮಾವ್ರೇ. ಎರಡೂ ಅಲ್ದೇ ಇರ್ಬೋದು.’

‘ಸುಳ್ಳಾದ್ರೂ ಒಂದು ಯೋಳಬಾರ್ದಾ ನೀನು?’ ಅಂದು ಅವರೇ ಒಂದು ಚಿಪ್ಪು ಆರಿಸಿದರು. ಎಲೆ ಅಗಲವಾಗಿದ್ದದ್ದು.

ಮದುವೆ ನಡೆಯಿತು. ಸೋದರಮಾವ ಇಲ್ಲದೆ ಶಾಸ್ತ್ರ ನಡೆಯುವುದಿಲ್ಲ, ಹಾಗಾಗಿ ಅರಕಲಗೂಡಿನವರೂ ಬಂದಿದ್ದರು. ಮಡಿಲು ತುಂಬುವ ಹೊತ್ತಿಗೆ ಅಕ್ಕಿ ಬೆಲ್ಲದ ಮೇಲೆ ಜಯಮ್ಮನವರು ತೆಂಗಿನ ಚಿಪ್ಪಿನ ಗಿಡ ಇಟ್ಟರು. ಹೆಂಗಸರು ಗುಸುಗುಸು ಅಂದರು. ಪಾರ್ವತಮ್ಮ ಹತ್ತಿರ ಬಂದರು.

‘ಇದೇನು, ಚಿಪ್ಪು? ನಾನ್ ಕೊಟ್ಟ ಗೆಡ್ಡೆ ಏನಾಯ್ತು?’

‘ನೀವು ಕೊಟ್ಟಿದ್ದು ಕುರುಡು ಅತ್ಗೆ,’ ಅಂದರು ಜಯಮ್ಮ. ಮೆಲ್ಲಗೆ ಅನ್ನಲಿಲ್ಲ. ‘ನನ್ ಮೇಲಿನ್ ಕೋಪ ನನ್ ಮಗ್ಳ ಮೇಲ್ಯಾಕೆ?’

ಪಾರ್ವತಮ್ಮ ಬೈಯುತ್ತಾರೆ ಅಂತ ನಾನು ಕಾದೆ. ಬೈಯಲಿಲ್ಲ. ಅವರ ಮುಖದಲ್ಲಿ ಕೋಪ ಇರಲಿಲ್ಲ, ಏನೂ ತಿಳಿಯದ ಗಲಿಬಿಲಿ ಇತ್ತು. ‘ಕುರುಡು ಅಂದ್ರೆ?’ ಅಂದರು.

ಉತ್ತರ ನಾನೇ ಕೊಟ್ಟೆ. ಕತ್ತಿನ ವಿಷಯ ಹೇಳಿದೆ. ಅವರು ಅಲ್ಲೇ ಜಮಖಾನದ ಮೇಲೆ ಕೂತುಬಿಟ್ಟರು.

‘ಎಲ್ಲಾನೂ ಅಂಗೇ ಮುರ್ದಿಟ್ಟಿದ್ನಲ್ಲೇ, ಆಲೂಗಡ್ಡೆ ಮುರ್ದಂಗೆ. ಮೋಟು ಒಲೆಗಾಕ್ದೆ. ಯುಗಾದಿ ಮಳೆಗೆ ಸಾಲಾಗಿ ನೆಟ್ಟೆ. ಒಂದೂ ಹುಟ್ಲಿಲ್ಲ ಕಣೆ ಜಯಾ. ಅತ್ತೆ ಇದ್ದಾಗ ಅವ್ರೇ ನೆಡೋರು, ನಾನ್ ಯಾವತ್ ಮುಟ್ಟಿದ್ದೆ? ಮಣ್ಣಿಗೆ ಉಳ ಬಿತ್ತು ಅನ್ಕಂಡು ಬೇವಿನ್ ಇಂಡಿ ಆಕ್ದೆ.’

ನನಗೆ ಮರಿಯಪ್ಪ ನೆನಪಾದ. ನಮ್ಮ ಸೀಮೆಯಲ್ಲಿ ಗೆಡ್ಡೆ ಅಂದರೆ ಆಲೂಗಡ್ಡೆ. ಕೈ ತಾನಾಗಿಯೇ ಹಾಗೆ ಮುರಿಯುತ್ತದೆ. ಪಾರ್ವತಮ್ಮ ದ್ವೇಷಕ್ಕೆ ಕೊಟ್ಟದ್ದಲ್ಲ, ಇದ್ದುದರಲ್ಲಿ ದೊಡ್ಡದನ್ನೇ ಕೊಟ್ಟಿದ್ದರು. ಆದರೆ ಕೋಪವನ್ನು ಅಷ್ಟು ಸುಲಭವಾಗಿ ಕೆಳಗಿಡಲಾಗುವುದಿಲ್ಲ. ಜಯಮ್ಮನವರು ಮಗಳ ಸೆರಗು ಸರಿಮಾಡುತ್ತ ನಿಂತರು. ಅರಕಲಗೂಡಿನವರು ಊಟ ಮಾಡಿ ಹೋದರು.

ಅಲ್ಲಿಗೆ ತವರಿನಲ್ಲೂ ಆ ಹೂ ಇಲ್ಲ ಅಂತಾಯಿತು. ಇದ್ದರೆ ನಮ್ಮ ಎರಡು ಚಿಪ್ಪಿನಲ್ಲಿ ಒಂದರಲ್ಲಿ ಇರಬೇಕು.

ಮಳೆ ಶುರುವಾಯಿತು. ಹಾಸನದಲ್ಲಿ ಉಳಿದ ಗಿಡದ ಹತ್ತಿರ ಜಯಮ್ಮನವರು ದಿನಾ ಬೆಳಿಗ್ಗೆ ಬಂದು ಮೊಗ್ಗು ನೋಡುತ್ತಿದ್ದರು. ಆಷಾಢದ ಕೊನೆಗೆ ಅರಳಿತು. ಕುಂಕುಮದ ಕೆಂಪು. ನರ್ಸರಿಯಲ್ಲಿ ಯಾರು ಬೇಕಾದರೂ ಕೊಳ್ಳುವ ಕೆಂಪು. ಅವರು ಅದನ್ನು ಕಿತ್ತು ದೇವರಿಗೆ ಇಟ್ಟರು.

ಸ್ವಲ್ಪ ದಿನಕ್ಕೆ ನುಗ್ಗೇಹಳ್ಳಿಯಿಂದ ವಿಮಲ ಫೋನು ಮಾಡಿದಳು. ‘ಅವ್ವಾ, ಅರಳ್ತು. ನೇರಳೆ ಕಪ್ಪು. ಆದ್ರೆ ತುದಿ ಬಿಳಿ ಇಲ್ಲ.’

ಜಯಮ್ಮನವರು ಫೋನು ಕೆಳಗಿಟ್ಟು ನನ್ನ ಕಡೆ ನೋಡಿದರು. ‘ತುದಿ ಬಿಳಿ ಇಲ್ವಂತೆ. ಮುಗೀತು ಬುಡು.’

ನಮ್ಮ ತೋಟದಲ್ಲಿ ನೇರಳೆ ಕಪ್ಪು ಇದ್ದದ್ದು ಆ ಒಂದೇ ಜಾತಿ. ಆದರೆ ತಿಪ್ಪೆಗೆ ಯಾರ ಮನೆಯ ಕಸ ಬಂದು ಬಿದ್ದಿರುತ್ತದೋ. ಬಿಸಿಲು ಬಡಿದು ನೀರು ಸಾಲದೆ ಹೋದರೆ ಎರಡು ಬಣ್ಣದ ಡೇರೆ ಒಂದೇ ಬಣ್ಣಕ್ಕೆ ತಿರುಗುವುದುಂಟು ಅಂತ ಮರಿಯಪ್ಪ ಹೇಳಿದ್ದ. ನಾನು ಕಣ್ಣಾರೆ ಕಂಡಿರಲಿಲ್ಲ. ‘ಒಂದ್ಸಲ ನೋಡ್ ಬತ್ತೀನಿ ಅಮ್ಮಾವ್ರೇ,’ ಅಂದೆ.

ನುಗ್ಗೇಹಳ್ಳಿಯಲ್ಲಿ ಇಳಿದರೆ ಮಣ್ಣು ಬೇರೆ, ಬಿಸಿಲು ಬೇರೆ. ಹಾಸನದಲ್ಲಿ ಸೋನೆ, ಅಲ್ಲಿ ಧೂಳು. ವಿಮಲ ಗಿಡವನ್ನು ಒಂದು ತೆಂಗಿನ ಮರದ ಬುಡದಲ್ಲೇ ನೆಟ್ಟಿದ್ದಳು, ನೆರಳಿರುತ್ತದೆ ಅಂತ. ತೆಂಗಿನ ಬೇರು ಕೊಟ್ಟ ನೀರನ್ನೆಲ್ಲ ಎಳೆದುಕೊಳ್ಳುತ್ತಿತ್ತು. ಗಿಡ ಮೊಣಕಾಲೆತ್ತರ, ಹೂ ಹುಳಿ ಮಜ್ಜಿಗೆ ಕುಡಿದವರ ಮುಖದ ಹಾಗೆ ಮುದುಡಿತ್ತು. ಬಣ್ಣ ಮಾತ್ರ ಆ ನೇರಳೆಯೇ.

ವಿಮಲಳ ಅತ್ತೆ ಬಾಗಿಲಲ್ಲಿ ನಿಂತು ಅಂದರು, ‘ನಾವು ಮರಕ್ಕೇ ನೀರಿಲ್ದೆ ಬಾಯ್ ಬಡ್ಕಂತೀವಿ. ಹೂವಿನ್ ಗಿಡಕ್ಕೆ ಒಂದ್ ಬಿಂದ್ಗೆ ಉಯ್ತಾಳೆ ನಮ್ ಸೊಸೆ. ಹೇಳುದ್ರೆ ನಮ್ಮಜ್ಜೀದು ಅಂತಾಳೆ.’

‘ಮುಖ ತೊಳ್ದ ನೀರು ಅತ್ತೆ, ಕುಡ್ಯೋ ನೀರಲ್ಲ,’ ಅಂದಳು ವಿಮಲ.

‘ಮುಖ ದಿನಕ್ ಎಷ್ಟ್ ಸಲ ತೊಳೀತೀಯವ್ವಾ ನೀನು?’

ಅವರ ಮಾತಿನಲ್ಲಿ ಕೊಂಕಿತ್ತು, ಕೆಟ್ಟತನ ಇರಲಿಲ್ಲ. ನಾನು ಗಿಡಕ್ಕೂ ಮರಕ್ಕೂ ಮಧ್ಯೆ ಮೊಳದುದ್ದ ಚರಂಡಿ ತೋಡಿ ಬೇರು ಕಡಿದೆ. ಕೊಳೆತ ಗೊಬ್ಬರ ತುಂಬಿ, ನೆನೆಸಿದ ತೆಂಗಿನ ಸಿಪ್ಪೆಯನ್ನು ಬುಡದ ಸುತ್ತ ಮಗುಚಿ ಹಾಸಿದೆ. ಆ ಹೂ ಕಿತ್ತೆ, ಇದ್ದ ಮೊಗ್ಗುಗಳಲ್ಲಿ ಎರಡು ಬಿಟ್ಟು ಉಳಿದದ್ದು ಚಿವುಟಿದೆ. ಪಕ್ಕದ ಗೆಣ್ಣಿನಿಂದ ಬಂದಿದ್ದ ಕುಡಿಗಳನ್ನು ಬಿಸಾಡಲು ಮನಸ್ಸು ಬರಲಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿ ಹಾಸನಕ್ಕೆ ತಂದು ಮರಳಿಗೆ ಚುಚ್ಚಿದೆ.

‘ಬಿಳಿ ಬತ್ತದಾ ಸಣ್ಣಮ್ಮಾ?’ ಅಂತ ಹೊರಡುವಾಗ ವಿಮಲ ಬಸ್ಸಿನ ತನಕ ಬಂದು ಕೇಳಿದ್ದಳು.

‘ನಮ್ದಾದ್ರೆ ಬತ್ತದೆ. ಅಲ್ದಿದ್ರೆ ಇಲ್ಲ.’

ಗೌರಿ ಹಬ್ಬದ ಹಿಂದಿನ ದಿನ ವಿಮಲ ತವರಿಗೆ ಬಂದಳು. ಮದುವೆಯಾದ ಮೊದಲ ಗೌರಿ. ಚಪ್ಪಲಿ ಬಿಡುವುದಕ್ಕೂ ಮುಂಚೆ ಊಟದ ಡಬ್ಬಿಯೊಂದನ್ನು ಜಗಲಿಯ ಮೇಲಿಟ್ಟು ಮುಚ್ಚಳ ತೆಗೆದಳು. ಒದ್ದೆ ಬಟ್ಟೆಯ ಮೇಲೆ ಒಂದು ಡೇರೆ ಹೂ. ಹಣ್ಣಾದ ನೇರಳೆ. ಪ್ರತಿ ಎಸಳಿನ ತುದಿಯೂ ಹಾಲಿನಲ್ಲಿ ಅದ್ದಿದ ಹಾಗೆ.

ಜಯಮ್ಮನವರು ಮುಟ್ಟಲಿಲ್ಲ. ಬಗ್ಗಿ ನೋಡಿದರು, ಅಷ್ಟೆ. ದೊಡ್ಡಮ್ಮಾವ್ರು ಕಣ್ಣು ಕಿರಿದು ಮಾಡಿ, ‘ಏನೋ ತಿನ್ನಾಕ್ ತಂದವ್ಳೆ ಅನ್ಕಂಡೆ’ ಅಂದರು.

‘ದೂರ ಇಡವ್ವಾ, ಇದ್ನೂ ಬೇಯ್ಸ್‌ಬುಟ್ಟಾಳು,’ ಅಂದರು ಯಜಮಾನರು.

ಹಬ್ಬದ ದಿನ ಜಯಮ್ಮನವರ ಅಣ್ಣ ಬಾಗಿನದ ಮೊರ ಹಿಡಿದುಕೊಂಡು ಅರಕಲಗೂಡಿನಿಂದ ಒಬ್ಬರೇ ಬಂದರು. ಮಾತಿಲ್ಲದಿದ್ದರೂ ತಂಗಿಗೆ ಗೌರಿ ಬಾಗಿನ ತಪ್ಪಿಸಿರಲಿಲ್ಲ. ಹೊಸಲಿನಲ್ಲಿ ಕೊಟ್ಟು ಹೋಗುವವರು ಗೌರಿಯ ಮುಡಿಯಲ್ಲಿದ್ದ ಹೂ ನೋಡಿ ನಿಂತರು.

‘ಅವ್ವನ್ದಲ್ವಾ?’

‘ಊಂ.’

‘ನಮ್ ಗೌರಿಗೆ ಈ ಸಲ ಬರೀ ಸೇವಂತ್ಗೆ ಕಣಮ್ಮ. ನಿಮ್ಮತ್ಗೆ ಬೆಳಿಗ್ಗೆಯಿಂದ ಅಳ್ತಾ ಕುಂತವ್ಳೆ. ಅತ್ತೆ ಕಾಪಾಡಿದ್ದ ಹೂವ ನನ್ ಕೈಯಾಗ್ ಓಯ್ತು ಅಂತ.’

ಅವರು ಹೂ ಕೇಳಲಿಲ್ಲ. ನೀರು ಕುಡಿದು ಹೊರಟರು.

ಸಂಜೆ ಜಯಮ್ಮನವರು ಹಿತ್ತಿಲಿಗೆ ಬಂದರು. ನಾನು ನುಗ್ಗೇಹಳ್ಳಿಯಿಂದ ತಂದು ನೆಟ್ಟ ಕುಡಿಗಳಿಗೆ ನೀರು ಚಿಮುಕಿಸುತ್ತಿದ್ದೆ. ಕೆಲವು ಬೇರು ಬಿಟ್ಟು ಚಿಪ್ಪಿಗೆ ಬಂದಿದ್ದವು.

‘ಕಚ್ಚಿಕೊಂಡವಾ?’

‘ಕಚ್ಚಿಕೊಂಡವೆ.’

ಚಿಪ್ಪುಗಳ ಮುಂದೆ ಕುಕ್ಕರಗಾಲಲ್ಲಿ ಕೂತರು. ಆಮೇಲೆ, ‘ಮಡಿಲಿನ್ ಗಿಡ ತವರಿಂದ ಬರೋದುಂಟು. ಮಗಳ್ ಮನೆಯಿಂದ ತವರಿಗೆ ಓಗೋದುಂಟಾ ಸಣ್ಣಮ್ಮ?’

‘ಶಾಸ್ತ್ರ ನಂಗೊತ್ತಿಲ್ಲ ಅಮ್ಮಾವ್ರೇ. ಗಿಡಕ್ಕೆ ಎಲ್ಲಾದ್ರೂ ಸರಿ.’

ಅವರು ಒಂದು ಚಿಪ್ಪು ಎತ್ತಿ ಬೆಳಕಿಗೆ ಹಿಡಿದು ಕಾಂಡ ನೋಡಿದರು. ಕೆಳಗಿಟ್ಟರು. ಸೆರಗಿನ ತುದಿಯಿಂದ ಕೈ ಒರೆಸಿಕೊಂಡರು. ‘ನಾಳೆ ನೀನು ಇಲ್ಲಿಗ್ ಬರ್ಬೇಡ,’ ಅಂದರು. ‘ಅತ್ಗೆಗೆ ಯೋಳು, ಈ ಸಲ ಕತ್ತು ಮುರೀಬೇಡಿ ಅಂತ. ನಾನೇ ಕಳ್ಸಿದ್ದು ಅಂತ್ಲೂ ಯೋಳು.’

ಮಾರನೆಯ ಬೆಳಿಗ್ಗೆ ಅರಕಲಗೂಡಿನ ಮೊದಲನೆಯ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕೈಚೀಲದಲ್ಲಿದ್ದರೆ ಮಣ್ಣು ಅಲುಗಿ ಬೇರು ಬಿಡುತ್ತದೆ ಅಂತ ಚಿಪ್ಪನ್ನು ತೆಗೆದು ಮಡಿಲಿಗಿಟ್ಟುಕೊಂಡೆ. ಗಾಳಿಗೆ ಕುಡಿ ಬಾಡದ ಹಾಗೆ ಸೆರಗು ಮುಚ್ಚಿದೆ.